ಎತ್ತಿನ ಬೆಲೆ ಕೇಳಿದ ಸಾಹೇಬ

ನನ್ನ ಮಗ ಸಿದ್ದರಾಯ ಮ್ಯಾಟ್ರಿಕ್ ಪಾಸಾದದ್ದು ೧೯೬೨ರಲ್ಲಿ. ಎರಡು ಕಡೆ ಅರ್ಜಿ ಹಾಕಿದ್ದ. ನನ್ನ ಮಾತಿಗೆ ಒಕ್ಕಲುತನದ ಕಾಲೇಜಿಗೆ, ತನ್ನ ಮನಸ್ಸಿಗೆ ಮಾಸ್ತರರ ಟ್ರೇನಿಂಗ್ ಕಾಲೇಜಿಗೆ. ಎರಡರ ಪ್ರವೇಶ ಪರೀಕ್ಷೆಯೂ ವಿಜಾಪುರದಲ್ಲಿ, ಒಂದೇ ದಿನ. ಒಕ್ಕಲುತನದ್ದು ಒಂಬತ್ತಕ್ಕೆ, ಮಾಸ್ತರಕಿಯದು ಹನ್ನೊಂದಕ್ಕೆ.

"ಯಪ್ಪಾ, ನನಗ ಮಾಸ್ತರಕಿನ ಬೇಕು," ಅಂದ.

"ಒಕ್ಕಲಿಗನ ಮಗ ಒಕ್ಕಲುತನದಾಗ ನಾಪಾಸ್ ಆಗ್ತಾನೇನಲೇ? ಬಾಯಿ ಮುಚ್ಚು!"

ಹೆಂಡತಿ ರಾಚವ್ವ ರೊಟ್ಟಿ ಬಡಿಯುತ್ತಲೇ ಅಂದಳು, "ಓದೋ ಹುಡುಗ ಅಂತ ಹತ್ತು ವರ್ಸ ಹೊಲಾ ತುಳಿಯಾಕ ಬಿಟ್ಟಿಲ್ಲ ನೀವು. ಅಂವಗ ಆಕಳ ಯಾವ್ದು, ಎತ್ತ ಯಾವ್ದು ಗೊತ್ತಿಲ್ಲ."

ಮಾತು ಖರೆ. ಅದಕ್ಕೇ ಸಿಟ್ಟು ಬಂತು. ಪರೀಕ್ಷೆಗೆ ಎಂಟೇ ದಿನ. ಮಗನನ್ನು ತಿಕೋಟಾದಿಂದ ಬಬಲೇಶ್ವರದ ದನದ ಸಂತೆಗೆ ಎಳೆದೊಯ್ದು, ದಲಾಲಿ ರಸೂಲಸಾಬನಿಗೆ ಒಪ್ಪಿಸಿದೆ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದನ್ನು ಅವನು ಕಲಿಸಿದ. ಕಡೆಗೆ ಬೆಲೆ.

"ದನದ ರೇಟ ನಾಲ್ಕ ಮಂದ್ಯಾಗ ಬಾಯಿಲೆ ಹೇಳಬಾರ್ದಪಾ. ಟವೆಲ್ಲಿನ ಕೆಳಗ ಕೈ ಹಿಡದು ಬೆರಳ ಒತ್ತಿ ಹೇಳಬೇಕು. ಬಾಯಿಲೆ ಹೇಳಾಂವ ಹುಚ್ಚ."

ಹುಡುಗ ಇದೊಂದನ್ನು ಬಹಳ ಚೆನ್ನಾಗಿ ಕಲಿತ.

ಒಕ್ಕಲುತನದ ಪರೀಕ್ಷೆ ಇಟ್ಟಂಗಿಹಾಳದ ದಾರಿಯ ಒಂದು ತೋಟದಲ್ಲಿ. ನಾನು ಬೇಲಿಯ ಹೊರಗೆ ನಿಂತೆ. ಪ್ಯಾಂಟು ತೊಟ್ಟ ಸಾಹೇಬ ಒಂದು ಎತ್ತು ತರಿಸಿ, "ವಯಸ್ಸೆಷ್ಟು?" ಎಂದ.

ಸಿದ್ದರಾಯ ಅದರ ತುಟಿ ಎತ್ತಿ ನೋಡಿದ. "ಆರ ಹಲ್ಲ ಆಗ್ಯಾವ್ರಿ. ನಾಲ್ಕ ವರ್ಸ ಇರಬೇಕ್ರಿ."

"ಶಾಭಾಸ್! ಬೆಲೆ ಎಷ್ಟಾದೀತು?"

ಮಗ ಸುತ್ತ ನೋಡಿದ. ಇಪ್ಪತ್ತು ಹುಡುಗರು, ಇಬ್ಬರು ಕಾರಕೂನರು, ಎತ್ತಿನ ಮಾಲಕ. ನೆಟ್ಟಗೆ ಸಾಹೇಬನ ಹತ್ತಿರ ಹೋದ. ಹೆಗಲ ಟವೆಲನ್ನು ಅವನ ಕೈಮೇಲೆ ಹೊದಿಸಿ, ಒಳಗೆ ಬೆರಳು ಒತ್ತತೊಡಗಿದ.

ಸಾಹೇಬ ಚೇಳು ಕಡಿದವನಂತೆ ಕೈ ಕಿತ್ತುಕೊಂಡ. "ಎಲ್ಲರೆದುರಿಗೇ ಲಂಚ ಕೊಡ್ತೀಯೇನೋ?"

"ಇಲ್ರೀ ಸಾಹೇಬ್ರ, ರೇಟ ಹೇಳಾಕತ್ತೇನ್ರಿ..."

"ಕೈಯಲ್ಲೇನಿದೆ? ತೋರಿಸು!"

ನಾನು ಬೇಲಿ ಹಾರಿದೆ. "ಏ ಸಾಹೇಬಾ! ಒಂದಿನಾರ ಸಂತಿ ಕಂಡೀಯೇನ? ಎತ್ತಿನ ರೇಟ ಹೆಂಗ ಕೇಳಬೇಕು ಗೊತ್ತಿಲ್ಲ, ಪರೀಕ್ಷಾ ತಗೋಳಾಕ ಬಂದಾನ!"

ಎತ್ತಿನ ಮಾಲಕ ಗಹಗಹಿಸಿ ನಕ್ಕ. ಅದು ಇನ್ನಷ್ಟು ಕೆಡಿಸಿತು. ಸಾಹೇಬ ಪಟ್ಟಿ ತೆಗೆದು ಸಿದ್ದರಾಯನ ಹೆಸರಿಗೆ ಗೀಟು ಎಳೆದ.

ನಾನಿನ್ನೂ ಬೈಯುತ್ತಲೇ ಇದ್ದೆ. ಮಗ ರಟ್ಟೆ ಹಿಡಿದು ಜಗ್ಗಿದ. "ಯಪ್ಪಾ, ಉಳದದ್ದು ನಾಳೆ ಬಂದು ಬೈಯಿ. ಹತ್ತೂವರಿ ಆಗೇತಿ."

ಟಾಂಗಾ ಹಿಡಿದು ಓಡಿದೆವು. ಗಾಂಧಿ ಚೌಕದ ಗದ್ದಲದಲ್ಲಿ ಸಿಕ್ಕಾಗ ಕುದುರೆಗೂ ಟಾಂಗಾದವನಿಗೂ ಸೇರಿಸಿಯೇ ಬೈದೆ. ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಟ್ರೇನಿಂಗ್ ಕಾಲೇಜು ಮುಟ್ಟಿದೆವು. ಗೇಟಿನಲ್ಲಿ ಮಗ ತಿರುಗಿ ನಿಂತ.

"ನೀ ಒಳಗ ಬರಬ್ಯಾಡ."

"ಯಾಕಲೇ?"

"ನಾ ಪಾಸ್ ಆಗಬೇಕಾಗೇತಿ."

ಎದುರಿನ ಬೇವಿನ ಗಿಡದ ಕೆಳಗೆ ಮೂರು ತಾಸು ಕುಳಿತೆ. ಗೇಟಿನ ಸಿಪಾಯಿ ಎರಡು ಸಲ ಅಲ್ಲಿಂದ ಏಳು ಎಂದ. ಎರಡು ಸಲವೂ ಎದ್ದು ಬೇರೆ ಕಡೆ ಕುಳಿತೆ, ತುಟಿ ಬಿಚ್ಚಲಿಲ್ಲ.

ಹುಡುಗನಿಗೆ ಸೀಟು ಸಿಕ್ಕಿತು. ಆದರೆ ಆವತ್ತು ತೋಟದಲ್ಲಿ ತಪ್ಪು ಆ ಸಾಹೇಬನದೇ.