ಅಟ್ಟದ ಮೇಲಿನ ಸದ್ದು

ಈರೇಶ ತಿಪಟೂರಿನಲ್ಲಿ ಸೀಡಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಭಾನುವಾರ ಗೆಳೆಯ ಸೂರ್ಯಪ್ರಕಾಶನ ಮನೆಗೆ ಅರಳಗುಪ್ಪೆಗೆ ಬಂದವನು ಉಂಡು ಸುಮ್ಮನೆ ಹೋಗಬಾರದಿತ್ತೇ? ಜಪಾನಿನ ದೆವ್ವದ ಸಿನಿಮಾ ತಂದ. ಮಾತೆಲ್ಲ ಜಪಾನಿ, ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ಅದನ್ನು ಓದಿ ಹೇಳಬಲ್ಲವಳು ಬಿ.ಎ. ಮಾಡಿದ್ದ ಸೂರ್ಯಪ್ರಕಾಶನ ಹೆಂಡತಿ ಶಿಲ್ಪ ಒಬ್ಬಳೇ. ಗಂಡ, ಈರೇಶ, ಅತ್ತೆ ಪುಟ್ಟಗಂಗಮ್ಮ ಮೂವರೂ ಅವಳ ಬಾಯಿ ನೋಡುತ್ತಾ ಕೂತರು.

ಸಿನಿಮಾದಲ್ಲಿ ಒಂದು ಮರದ ಮನೆ, ಅದರಲ್ಲೊಬ್ಬಳು ಹುಡುಗಿ. ಸತ್ತ ಮುದುಕಿಯೊಬ್ಬಳು ಮೇಲಿನಿಂದ ಟಕ್ ಟಕ್ ಎಂದು ಬಡಿಯುತ್ತಾಳೆ. ಮುಕ್ಕಾಲು ಗಂಟೆಯಾದರೂ ಅಷ್ಟೇ.

"ಥೂ, ಇದ್ಯಾವ ದೆವ್ವ ಕಣ್ಲಾ?" ಎಂದ ಸೂರ್ಯಪ್ರಕಾಶ. "ಬಿಳಿ ಸೀರೆ ಇಲ್ಲ, ಗೆಜ್ಜೆ ಇಲ್ಲ, ಯಾರ ಕತ್ತೂ ಹಿಸುಕಲಿಲ್ಲ. ಇಲಿ ಓಡಾಡಿದಂಗೈತೆ."

"ನಿನ್ ತಲೆ! ಎದುರಿಗೆ ಬಂದ್ರೆ ಬಡಿದು ಓಡಿಸಬೌದು. ಬರೀ ಸದ್ದಿಗೆ ಏನ್ಲಾ ಮಾಡ್ತೀಯ? ಅದೇ ಭಯ," ಎಂದ ಈರೇಶ.

ಪುಟ್ಟಗಂಗಮ್ಮನದು ಬೇರೆಯೇ ತಕರಾರು. "ದೆವ್ವ ಅಂದ್ಮೇಲೆ ಮೈಮೇಲೆ ಬರಬೇಕು, ಏನಾದ್ರೂ ಕೇಳಬೇಕು. ಕೊಟ್ರೆ ಹೊಂಟೋಯ್ತದೆ. ಇವಳು ಏನೂ ಕೇಳ್ತಾನೇ ಇಲ್ವಲ್ಲ?"

ಶಿಲ್ಪಳ ಕಣ್ಣು ಅಟ್ಟದ ಕಡೆ ಹೋಯಿತು.

ಹೋದ ವರ್ಷ ಇದೇ ಹಜಾರ, ಇದೇ ಟೀವಿ. ಮಾವ ಶ್ರೀರಂಗಯ್ಯ ಅಟ್ಟ ಹತ್ತಿದ್ದರು. ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ತೆಂಗಿನಕಾಯಿ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಂದಕ್ಕೊಂದು ತಟ್ಟಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ನೋಡುವುದು ಅವರ ದಿನದ ಕೆಲಸ. ಆ ಸದ್ದನ್ನು ಮನೆಯಲ್ಲಿ ಯಾರೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಅವತ್ತೂ ಟಕ್ ಟಕ್ ಕೇಳಿತು. ಆದರೆ ಅಟ್ಟದ ಹಲಗೆಯ ಮೇಲೆ. ಮೂರು ಸಲ ಬಡಿದು ನಿಲ್ಲುವುದು, ಮತ್ತೆ ಮೂರು ಸಲ. ಇದೇನು ಹೊಸದಾಗಿ ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿತ್ತಲ್ಲ, ಅದೇ ಅವಳ ಕರ್ಮ! ಧಾರಾವಾಹಿಯಲ್ಲಿ ಮದುವೆ ಮುರಿದು ಬೀಳುವ ಹೊತ್ತು. ಟೀವಿ ಜೋರು ಮಾಡಿ ಕೂತಳು. ಮುಗಿದ ಮೇಲೆ ಕಾಫಿ ಹಿಡಿದು ಹತ್ತಿದರೆ, ಮಾವ ಕಾಯಿಗಳ ನಡುವೆ ಬಿದ್ದಿದ್ದರು. ಮೈ ಬಿಸಿಯಿತ್ತು, ಉಸಿರಿರಲಿಲ್ಲ.

ಹೃದಯಾಘಾತ ಎಂದರು ಡಾಕ್ಟರು. ಅವತ್ತಿನಿಂದ ಪುಟ್ಟಗಂಗಮ್ಮ ಮನೆಗೆ ಬಂದವರಿಗೆಲ್ಲ ಹೇಳುವುದು ಒಂದೇ ಮಾತು: "ಪುಣ್ಯಾತ್ಮ, ಒಂದ್ ಗಳಿಗೆನೂ ನರಳಲಿಲ್ಲ ಕಣ್ರೀ." ಆ ನಂಬಿಕೆಯ ಮೇಲೇ ಅತ್ತೆ ಜೀವ ಹಿಡಿದಿದ್ದಾರೆ ಎಂದು ಶಿಲ್ಪ ತಿಳಿದಿದ್ದಳು. ನಿಜ ಹೇಳಿದರೆ ತನ್ನ ಎದೆ ಹಗುರಾದೀತು, ಅತ್ತೆಯ ಎದೆ ಒಡೆದುಹೋದೀತು. ಹಾಗೆಂದೇ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ.

ಸಿನಿಮಾ ಮುಗಿಯುತ್ತ ಬಂತು. ಮುದುಕಿ ಕೆಳಗಿಳಿದು ಬಂದು ಹುಡುಗಿಯ ಎದುರು ಕೂತಳು. ಒಂದೇ ಮಾತು ಆಡಿದಳು. ಅಡಿಯಲ್ಲಿ ಅಕ್ಷರ ಮೂಡಿತು: ನಿನಗೆ ಕೇಳಿಸಿತ್ತು. ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಏನಂತೆ ಕಣೇ?" ಎಂದರು ಪುಟ್ಟಗಂಗಮ್ಮ.

"ಚೆನ್ನಾಗಿರು ಅಂತ ಹರಸ್ತಾವ್ರೆ ಅತ್ತೆ," ಎಂದಳು ಶಿಲ್ಪ.

ಸೂರ್ಯಪ್ರಕಾಶ ತೊಡೆ ತಟ್ಟಿ ನಕ್ಕ. "ನೋಡ್ದಾ? ಆಶೀರ್ವಾದ ಮಾಡೋ ದೆವ್ವ! ಇದ್ಯಾವ ಹೆದರ್ಸೋ ಸಿನಿಮಾನ್ಲಾ?"

"ಕೊನೇಲಿ ಕೆಡಿಸಿಬುಟ್ರು ಕಣಪ್ಪ," ಎಂದು ಈರೇಶ ಪೆಚ್ಚಾದ. ಇಬ್ಬರೂ ಕಿತ್ತಾಡುತ್ತಲೇ ಬಸ್ಸಿನ ಕಡೆ ಹೋದರು.

ಪುಟ್ಟಗಂಗಮ್ಮ ಕೂತಲ್ಲಿಂದ ಏಳಲಿಲ್ಲ. "ಹರಸಿದ್ರೆ ಯಾರಾದ್ರೂ ಹಂಗೆ ಅಳ್ತಾರೇನೇ?"

ಶಿಲ್ಪ ಅತ್ತೆಯ ಕಾಲ ಬಳಿ ಕೂತಳು. "ನಂಗೆ ಕೇಳಿಸಿತ್ತು ಅತ್ತೆ. ಅವತ್ತು ಮಾವ ಬಡೀತಾ ಇದ್ರು. ಕೇಳಿಸಿತ್ತು, ನಾನು ಏಳಲಿಲ್ಲ."

ಪುಟ್ಟಗಂಗಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ. "ಅವರ ಕೈಲಿ ಕಾಯಿ ಇತ್ತು. ಬೆರಳು ಬಿಡಿಸಿದೋಳು ನಾನೇ. ಹಲಗೆ ಜಜ್ಜಿಹೋಗಿತ್ತು. ನಿನ್ ಟೀವಿ ಸದ್ದು ತೋಟದಲ್ಲಿದ್ದ ನಂಗೇ ಕೇಳಿಸ್ತಿತ್ತಲ್ಲೇ."

"ಮತ್ತೆ... ನರಳಲಿಲ್ಲ ಅಂತ ಎಲ್ರಿಗೂ..."

"ಊರೋರು ನಿನ್ನ ಆಡ್ಕೋಬಾರ್ದು ಅಂತ." ಅವರು ಅಟ್ಟದ ಕಡೆ ಒಮ್ಮೆ ನೋಡಿದರು. "ಆದ್ರೆ ಪ್ರತಿ ಸಲಾನೂ ನಿನ್ ಮುಂದೇನೇ ಯಾಕೆ ಹೇಳ್ತಿದ್ದೆ ಅಂದ್ಕೊಂಡೆ? ಈಗಲಾದ್ರೂ ಬಾಯಿ ಬುಡ್ತೀಯೇನೋ ಅಂತ. ಒಂದು ವರ್ಷ ನಾನೂ ಬಡೀತಾನೇ ಇದ್ದೆ ಶಿಲ್ಪಾ. ಅದೂ ನಿಂಗೆ ಕೇಳಿಸಲಿಲ್ವಾ?"