ಕೋಲಾಟ ಮುಗಿದ ಮೇಲೆ ಸೂಜಿ

ಮಕ್ಕಳಿಗೆ ಹಾಕಿಸಿದ್ದರೂ ಬರುತ್ತಿತ್ತೇನೋ. ಸೂಜಿ ಚುಚ್ಚಿಸಿಕೊಂಡವರಿಗೂ ಫ್ಲೂ ಬರುವುದುಂಟು ಎಂದು ಡಾಕ್ಟರ್ ಹರಿಣಿಯೇ ಹೇಳಿದ್ದಳಲ್ಲ? ಹಾಗಿದ್ದ ಮೇಲೆ ತನ್ನದು ತಪ್ಪು ಹೇಗಾದೀತು? ಆದರೂ, ಬಾರದೆಯೂ ಇರಬಹುದಿತ್ತಲ್ಲ...

ಶೇಖರ ಮಲಾಡಿನ ಚಾಳಿನ ಮೆಟ್ಟಿಲ ಬುಡದಲ್ಲಿ ನೀರು ಸೋರುವ ಕೊಡೆಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ನಿಂತಿದ್ದ. ಮೇಲೆ, ಕೊನೆಯ ಖೋಲಿಯಲ್ಲಿದ್ದ ಸುಂದ್ರವ್ವ ತೀರಿಕೊಂಡು ಒಂದು ವಾರವಾಗಿತ್ತು. ಅವಳ ಮೊಮ್ಮಗಳು ಶೀತಲ್ ಅವನ ವಿದ್ಯಾರ್ಥಿನಿ.

ಕನ್ನಡ ಸಂಘದ ಶಾಲೆಯಲ್ಲಿ ಮಾಸ್ತರನಾದವನಿಗೆ ಪಾಠವೊಂದೇ ಕೆಲಸವಲ್ಲ. ಶೇಖರನ ಪಾಲಿಗೆ ಬಂದದ್ದು ಎರಡು: ಮಕ್ಕಳ ಆರೋಗ್ಯ ಮತ್ತು ಕೋಲಾಟ. ಸಾಬೂನು ಹಚ್ಚಿ ಕೈ ತೊಳೆಯುವುದು, ಮೊಣಕೈಗೆ ಮುಖ ಒಡ್ಡಿ ಕೆಮ್ಮುವುದು, ಜ್ವರ ಬಂದವರು ಮನೆಯಲ್ಲೇ ಉಳಿಯುವುದು, ಎಲ್ಲವನ್ನೂ ಅವನೇ ಕಲಿಸಿದ್ದ. ಮಳೆಯಲ್ಲಿ ನೆನೆದರೆ ಫ್ಲೂ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟಿದರೆ ಬರುತ್ತದೆ ಎಂದು ಕಪ್ಪು ಹಲಗೆಯ ಮೇಲೆ ಬರೆದು ಓದಿಸಿದ್ದ. ಶಾಲೆ ತೆರೆದ ಕೂಡಲೇ ಮಕ್ಕಳಿಗೆಲ್ಲ ಫ್ಲೂ ಸೂಜಿ ಹಾಕಿಸುವ ಯೋಜನೆಯೂ ಅವನದೇ. ಅಂಧೇರಿಯ ಡಾಕ್ಟರ್ ಹರಿಣಿ ಅವನ ಊರಿನ ಕಡೆಯವಳು. ಪುಕ್ಕಟೆಯಾಗಿ ಬಂದು ಹಾಕುತ್ತೇನೆಂದಿದ್ದಳು. ಪಾಲಕರ ಸಭೆಯಲ್ಲಿ ಮೊದಲು ಒಪ್ಪಿದವಳು ಸುಂದ್ರವ್ವ.

"ಹಾಕ್ರಿ ಸರ, ಅಗದಿ ಛಲೋ ಆತು," ಎಂದಿದ್ದಳು ಸೆರಗು ಬಾಯಿಗೆ ಒತ್ತಿಕೊಂಡು. "ನನಗ ದಮ್ಮಿನ ಬ್ಯಾನಿ ಐತ್ರಿ. ಕೂಸಿಗೆ ಬಂದ್ರ ನನ್ನ ಬಿಡಂಗಿಲ್ಲ ಅದು."

ದಿನ ಗೊತ್ತಾಯಿತು. ಆಮೇಲೆ ಶೇಖರನಿಗೆ ಮಾಟುಂಗದಲ್ಲಿ ನಡೆಯುವ ಸಂಘದ ವಾರ್ಷಿಕೋತ್ಸವ ನೆನಪಾಯಿತು. ಹಿಂದಿನ ವರ್ಷ ಅಲ್ಲಿ ಮಕ್ಕಳ ಕೋಲು ತಾಳ ತಪ್ಪಿ, ಮುಂದಿನ ಸಾಲಿನಲ್ಲಿ ಕುಳಿತ ಹೋಟೆಲಿನ ಧಣಿಗಳು ಬಾಯಿಗೆ ಕರವಸ್ತ್ರ ಹಿಡಿದು ನಕ್ಕಿದ್ದರು. ಆ ನಗು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಹರಿಣಿಗೆ ಫೋನು ಮಾಡಿದ. "ಒಂದು ತಿಂಗಳು ಮುಂದೆ ಹಾಕ್ಲಿಕ್ಕೆ ಆಗ್ತದಾ? ಕೋಲಾಟ ಉಂಟಲ್ಲ. ಸೂಜಿ ಹಾಕಿದ್ರೆ ಕೈ ನೋವು ಅಂತ ಒಬ್ಬರೂ ಕೋಲು ಹಿಡಿಯುದಿಲ್ಲ ಮಾರಾಯ್ತಿ."

"ಕೈ ನೋವು ಎರಡು ದಿನ ಶೇಖರಣ್ಣ, ಮಳೆಗಾಲ ಮೂರು ತಿಂಗಳು," ಎಂದಳು ಹರಿಣಿ. "ಹಾಕಿದ ಮೇಲೂ ಅದು ಕೆಲಸ ಮಾಡ್ಲಿಕ್ಕೆ ಹದಿನೈದು ದಿನ ಬೇಕು. ನಿಮ್ಮ ಕೋಲಾಟ ನೋಡಿ ಫ್ಲೂ ಚಪ್ಪಾಳೆ ಹೊಡೆದು ವಾಪಸ್ ಹೋಗ್ತದಾ?"

ಶೇಖರ ನಕ್ಕುಬಿಟ್ಟ. ನಗುನಗುತ್ತಲೇ ದಿನ ಬದಲಾಯಿತು. ಡಾಕ್ಟರಿಗೆ ಪುರುಸೊತ್ತಿಲ್ಲವಂತೆ ಎಂದು ಮಕ್ಕಳ ಮನೆಗಳಿಗೆ ಹೇಳಿ ಕಳಿಸಿದ.

ಜುಲೈ ಮಳೆ ಒಳಗೆ ಎರಚುತ್ತದೆಂದು ಕಿಟಕಿ ಮುಚ್ಚಿ ಅಭ್ಯಾಸ ನಡೆಯಿತು. ಒಂದು ಮಗು ಕೆಮ್ಮಿತು. ಎರಡು ದಿನಕ್ಕೆ ಸಾಲಿಗೆ ಸಾಲೇ ಕೆಮ್ಮಿತು. ಮನೆಗೆ ಕಳಿಸಬೇಕೆಂಬುದು ಅವನದೇ ನಿಯಮ. "ಸ್ವಲ್ಪ ತಡಕೊಳ್ಳಿ, ಹತ್ತಿರ ಬಂತು," ಎಂದವನೂ ಅವನೇ. ಮಾಟುಂಗದಲ್ಲಿ ಒಂದು ಕೋಲೂ ತಾಳ ತಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ಶೀತಲ್ ಕೆಂಪಗೆ ಕಾದ ಮುಖದಲ್ಲಿ ಕುಣಿದಳು. ಧಣಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶೀತಲಳ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಅಜ್ಜಿಗೆ ಹಿಡಿದದ್ದು ಬಿಡಲಿಲ್ಲ.

ಕೊನೆಗೂ ಅವನು ಮೆಟ್ಟಿಲು ಹತ್ತಿದ.

"ಬರ್ರಿ ಸರ, ಕುಂಡ್ರಿ," ಎಂದು ಸುಂದ್ರವ್ವನ ಗಂಡ ಗುರಲಿಂಗಪ್ಪ ತಾನು ಕೂತಿದ್ದ ಚಾಪೆಯನ್ನೇ ಕೊಡವಿ ಹಾಸಿದ. ಮಗ ಸೊಸೆ ಕಟ್ಟಡದ ಕೆಲಸಕ್ಕೆ ಮರಳಿದ್ದರು. ಶೀತಲ್ ಸ್ಟವ್ ಹಚ್ಚಿ ಚಹಕ್ಕಿಟ್ಟಳು. ಅಜ್ಜಿ ಕೂರುತ್ತಿದ್ದ ಜಾಗದಲ್ಲಿ, ಅಜ್ಜಿ ಕೂರುತ್ತಿದ್ದ ಹಾಗೆಯೇ ಒಂದು ಮೊಣಕಾಲು ಎತ್ತಿ ಕೂತಿದ್ದಳು.

ಹೇಳುವುದಿದ್ದರೆ ಈಗ ಎಂದು ಶೇಖರ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮುದುಕನೇ ಬಾಯಿಬಿಟ್ಟ.

"ತಪ್ಪು ನಂದೈತ್ರಿ ಸರ. ಅವತ್ತ ಮಳಿ ಧೋ ಅಂತ ಹೊಡೀತಿತ್ತು. ಸಾಲಿಗೆ ಹೋಗಿ ಕೂಸಿನ್ನ ಕರ್ಕೊಂಡು ಬಾ ಅಂತ ಅಕೀನ್ನ ಕಳಿಸಿ, ನಾ ಇಲ್ಲಿ ಬೆಚ್ಚಗ ಮಲಗಿದ್ದೆ. ಅಕಿ ತೊಯ್ಸಿಕೊಂಡು ಬಂದ್ಲು. ಅದಽ ಅಕೀನ್ನ ತಿಂತು ನೋಡ್ರಿ."

"ನಹೀ ಅಜ್ಜಾ," ಎಂದಳು ಶೀತಲ್ ತಟ್ಟನೆ. "ಮಳ್ಯಾಗ ತೊಯ್ಸಿಕೊಂಡ್ರ ಫ್ಲೂ ಆಗಂಗಿಲ್ಲ. ಸರ್ ನೇ ಬತಾಯಾ ಹೈ, ಹಲಗಿ ಮ್ಯಾಲ ಬರದು ಹೇಳ್ಯಾರ. ಹೌದಲ್ರಿ ಸರ್?"

ಮುದುಕನೂ ಹುಡುಗಿಯೂ ಅವನನ್ನೇ ನೋಡಿದರು. ಶೇಖರ ಚಹದ ಲೋಟವನ್ನು ನೋಡಿದ. ಮೇಲೆ ಕೆನೆ ಕಟ್ಟುತ್ತಿತ್ತು. ಊದಿದ. ಕೆನೆ ಅಂಚಿಗೆ ಸರಿದು, ಮತ್ತೆ ನಡುವಿಗೆ ಬಂತು.

"ಮಳೆಯೂ ಜೋರೇ ಇತ್ತು," ಎಂದ.

ಶೀತಲ್ ತಲೆ ತಗ್ಗಿಸಿದಳು. ಗುರಲಿಂಗಪ್ಪ, "ನೋಡವ್ವ, ನಾ ಹೇಳಲಿಲ್ಲೇನು," ಎಂದು ಗೋಡೆಗೆ ಒರಗಿದ.

ಮುಂದೆ ಹಾಕಿದ್ದ ಸೂಜಿಯ ದಿನ ಹರಿಣಿ ಶಾಲೆಗೆ ಬಂದಳು. ಗುರಲಿಂಗಪ್ಪ ತಾನೇ ಮೊಮ್ಮಗಳನ್ನು ಕರೆತಂದಿದ್ದ. ತಾನು ಪೂರ್ತಿ ನೆನೆದು, ಹುಡುಗಿಯ ಮೇಲೊಂದು ಹನಿಯೂ ಬೀಳದ ಹಾಗೆ ಕೊಡೆ ಹಿಡಿದಿದ್ದ. ಶೀತಲ್ ತೋಳು ಮೇಲಕ್ಕೆ ಸರಿಸಿ, "ಕೈ ಬಹಳ ನೋಯ್ತದೇನ್ರಿ ಸರ್?" ಎಂದು ಕೇಳಿದಳು.

"ಎರಡು ದಿನ, ಅಷ್ಟೇ," ಎಂದ ಶೇಖರ. ಹರಿಣಿ ಅವನ ಮುಖ ನೋಡಿ, ಹತ್ತಿ ಒತ್ತಿದಳು.

ಆಮೇಲೂ ಆ ಮಳೆಗಾಲವಿಡೀ ಗುರಲಿಂಗಪ್ಪ ದಿನವೂ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದ. ಶೇಖರ ದಿನವೂ ಅವನ ಮುಂದೆಯೇ ಹಾದು ಸ್ಟೇಷನ್ನಿಗೆ ಹೋಗುತ್ತಿದ್ದ. "ಮಳಿ ಐತ್ರಿ ಸರ, ಹುಷಾರ್," ಎನ್ನುತ್ತಿದ್ದ ಮುದುಕ. "ಹೂಂ," ಎನ್ನುತ್ತಿದ್ದ ಶೇಖರ.

ಸೂಜಿಯ ದಿನವನ್ನು ಮುಂದೆ ಹಾಕಿಸಿದವನು ತಾನು ಎಂದು ಅವನು ಗುರಲಿಂಗಪ್ಪನಿಗೆ ಹೇಳಲೇ ಇಲ್ಲ.