ಸಿಸ್ಟರ್ ಕ್ಲೆಮೆನ್ಸಿಯಾ ಕೂರುವ ಹೊತ್ತು

ಸಿಸ್ಟರ್ ಕ್ಲೆಮೆನ್ಸಿಯಾ ಯಾವ ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂರುತ್ತಾರೋ ಆ ಹಾಸಿಗೆ ಮಾರನೆಯ ಬೆಳಿಗ್ಗೆಗೆ ಖಾಲಿಯಾಗುತ್ತದೆ ಎಂಬ ಮಾತು ಕೋಡಿಹಳ್ಳಿಯಿಂದ ಕನಕಪುರದವರೆಗೆ, ಅಲ್ಲಿಂದಾಚೆ ಕೈಲಾಂಚದ ಹಿಪ್ಪುನೇರಳೆ ತೋಟಗಳವರೆಗೂ ಹಬ್ಬಿತ್ತು. ಬಸ್ಸಿನಲ್ಲಿ ಅದನ್ನು ಹೇಳುವವರು ದನಿ ತಗ್ಗಿಸುತ್ತಿದ್ದರು. ಅದನ್ನು ಕೇಳಿ ನಗಲು ಯತ್ನಿಸಿದವರೂ ಆಸ್ಪತ್ರೆಯ ಗೇಟು ದಾಟುವಾಗ ಕಿಟಕಿಯಿಂದ ಮುಖ ತಿರುಗಿಸುತ್ತಿದ್ದರು.

ಮಾತು ಸುಳ್ಳು. ಹಾಸಿಗೆಗಳು ಖಾಲಿಯಾದದ್ದು ಮಾತ್ರ ನಿಜ.

ಆ ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಸಿಸ್ಟರ್ ಏಕಕಾಲಕ್ಕೆ ವೈದ್ಯೆ ಮತ್ತು ಧರ್ಮಭಗಿನಿ. ಏಪ್ರಿಲ್ ಬಿಸಿಲಿನಲ್ಲೂ ಕಳಚದ ಕಂದು ಬಣ್ಣದ ಸ್ವೆಟರ್, ಒಂದಿಷ್ಟು ಬಲಕ್ಕೆ ವಾಲಿದ ಕತ್ತು, ಬಿಳಿಯ ಕ್ಯಾನ್ವಾಸ್ ಬೂಟುಗಳ ನಿಶ್ಶಬ್ದ ನಡಿಗೆ. ಅವರು ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಕಬ್ಬಿಣದ ಸ್ಟೂಲಿನ ಕಾಲುಗಳು ನೆಲವನ್ನು ಕೆರೆದಾಗ ಇಡೀ ವಾರ್ಡು ಒಮ್ಮೆಲೇ ಉಸಿರು ಬಿಗಿಹಿಡಿಯುತ್ತಿತ್ತು. 'ಗೊತ್ತಿಲ್ಲ' ಎಂಬ ಪದವನ್ನು ಅವರಷ್ಟು ಸಂಕೋಚವಿಲ್ಲದೆ ಬಳಸುವ ವೈದ್ಯರನ್ನು ನಾನು ಕಂಡಿಲ್ಲ. ಉಸಿರು ತಡೆತಡೆದು ಬರತೊಡಗಿದವರ ಪಕ್ಕದಲ್ಲಿ ಅವರು ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿ, ಆಮೇಲೆ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದರು. ಪ್ರಾರ್ಥನೆಯ ಶಬ್ದವಿಲ್ಲ, ತುಟಿಯ ಚಲನೆಯೂ ಇಲ್ಲ. ಒಮ್ಮೆ ಕೇಳಿದಾಗ ಹೇಳಿದ್ದರು: "ಸಾಯೋ ಮುಂಚೆ ಯೇಸು ಗೆಳೆಯರನ್ನ ಕೇಳಿದ್ದು ಔಷಧಿಯಲ್ಲ. ಒಸಿ ಹೊತ್ತು ಎಚ್ಚರವಾಗಿ ಜೊತೇಲಿರಿ ಅಂದ, ಅಷ್ಟೆ. ಅವರು ನಿದ್ದೆ ಹೋದ್ರು."

ವದಂತಿ ಹುಟ್ಟಿದ್ದು ಈ ಕೂರುವಿಕೆಯಿಂದ. ಬಲಿತದ್ದು ನಮ್ಮ ಕಡೆಯ ಒಂದು ಪದ್ಧತಿಯಿಂದ. ಆಸ್ಪತ್ರೆಯಲ್ಲಿ ಜೀವ ಹೋಗಬಾರದು, ಕಡೆಯ ಗುಟುಕು ನೀರು ಮನೆಯ ನಡುಮನೆಯಲ್ಲೇ ಆಗಬೇಕು ಎಂಬುದು ನಮ್ಮವರ ಹಟ. ಸಾಯುವವರ ಪಕ್ಕದಲ್ಲಷ್ಟೇ ಕೂರುತ್ತಿದ್ದ ಸಿಸ್ಟರ್ ಮುಂದೆ ಕಾಯಿಲೆ ಕಠಿಣವಾದವರ ಬಳಿಯೂ ಕೂತಾಗ, ನೆಂಟರು ಅದನ್ನೇ ಕೊನೆಯ ಕರೆಯೆಂದು ಬಗೆದು ಗಾಡಿಗೆ ಹೇಳಿ ಕಳಿಸತೊಡಗಿದರು. ಬದುಕಬಹುದಾಗಿದ್ದವರು ಆಮ್ಲಜನಕದ ನಳಿಕೆ ಕಿತ್ತು ಹೊರಟು ದಾರಿಯಲ್ಲೇ ತೀರಿಕೊಂಡರು. ಸ್ಟೂಲು ಯಾರನ್ನೂ ಕೊಂದಿರಲಿಲ್ಲ. ವದಂತಿಯೇ ಕೊಲ್ಲುತ್ತಿತ್ತು, ಕೊಂದು ತನ್ನನ್ನು ತಾನು ನಿಜವಾಗಿಸಿಕೊಳ್ಳುತ್ತಿತ್ತು.

ಕಳೆದ ವರ್ಷ ನನ್ನ ದೊಡ್ಡಮ್ಮ ವೆಂಕಟಲಕ್ಷ್ಮಮ್ಮ ನ್ಯುಮೋನಿಯಾದಿಂದ ಅಲ್ಲಿ ಮಲಗಿದ್ದಳು. ಮಧ್ಯಾಹ್ನ. ಕಿಟಕಿಯಾಚೆ ಬಂಡೆಗುಡ್ಡ ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು, ಒಳಗೆ ಫ್ಯಾನಿನದೊಂದೇ ಸದ್ದು. ಸ್ಟೂಲು ಕೆರೆಯಿತು. ಸಿಸ್ಟರ್ ದೊಡ್ಡಮ್ಮನ ಮಣಿಕಟ್ಟು ಹಿಡಿದು ಕೂತರು. ಅವಳ ಮಗ ಅಶ್ವಥ್ ಆಗಲೇ ಫೋನಿನಲ್ಲಿ ಓಮ್ನಿ ವ್ಯಾನಿಗೆ ಹೇಳುತ್ತಿದ್ದ.

"ಎಲ್ಲಿಗಪ್ಪ?" ಎಂದರು ಸಿಸ್ಟರ್.

"ಊರಿಗೆ ಕಣಮ್ಮ. ನೀವೇ ಬಂದು ಕುಂತ್ಬುಟ್ರಲ್ಲ, ಇನ್ನೇನೈತೆ? ಮನೇಲೇ ಆಗ್ಲಿ."

"ಈ ನಳಿಕೆ ಕಿತ್ತರೆ ನಿಮ್ಮಮ್ಮ ಕೈಲಾಂಚ ಮುಟ್ಟಲ್ಲ. ಇಲ್ಲೇ ಇದ್ದರೆ ಉಳೀಬಹುದು. ಖಂಡಿತ ಉಳೀತಾರಾ ಅಂದರೆ ಗೊತ್ತಿಲ್ಲ."

"ನಿಮಗೆ ಗೊತ್ತಿಲ್ದೆ ಇರೋದಾ?" ಅಶ್ವಥ್ ಫೋನನ್ನು ಕಿವಿಯಿಂದ ತೆಗೆಯದೆ ಕೇಳಿದ. ಅವನು ಒರಟನಲ್ಲ, ತಾಯಿಯ ಸಾವು ಪರಸ್ಥಳದಲ್ಲಿ ಆದೀತೆಂಬ ಭಯವೇ ಅವನಿಂದ ಅವಳನ್ನು ಕೊಲ್ಲಿಸುವುದರಲ್ಲಿತ್ತು.

ಸಿಸ್ಟರ್ ಸ್ವೆಟರಿನ ಗುಂಡಿ ಹಾಕಿಕೊಂಡು ಎದ್ದರು. "ಸರಿ, ನಡಿ. ನಾನೂ ಗಾಡೀಲಿ ಬತ್ತೀನಿ. ಅಮ್ಮಂಗೂ ನಿಂಗೂ ನಡುವೆ ಕೂತ್ಕೋತೀನಿ. ಕೈಲಾಂಚದವರೆಗೂ."

ಅಶ್ವಥ್ ಕೆಂಡ ತುಳಿದವನಂತೆ ಹಿಂದೆ ಸರಿದ. ಎದುರಿನ ಹಾಸಿಗೆಯಿಂದ ಗಹಗಹಿಸಿ ನಕ್ಕವನು ಮರಿಯಪ್ಪ. ಹರ್ನಿಯಾ ಆಪರೇಷನ್ ಮುಗಿಸಿ, ಹಣೆಗೆ ವಿಭೂತಿ ಬಳಿದು, ಮನೆಗೆ ಹೊರಡಲು ಅಂಗಿ ತೊಟ್ಟು ಕೂತಿದ್ದ. "ಏನ್ಲಾ ಅಶ್ವಥ, ಓಡ್ತೀಯ ಕಣ್ಲಾ ನೀನು! ಮೀಸೆ ಬ್ಯಾರೆ ಬುಟ್ಟವ್ನೆ. ಬನ್ನಿ ಸಿಸ್ಟ್ರಮ್ಮ, ನನ್ ತಾವ ಕುಂತ್ಕೊಳಿ. ಇವನ್ಗೆ ಒಸಿ ಧೈರ್ಯ ಬರ್ಲಿ."

ವಾರ್ಡೆಲ್ಲ ನಕ್ಕಿತು. ಸಿಸ್ಟರ್ ಕೂಡ ನಗುತ್ತಲೇ ಹೋಗಿ ಅವನ ಪಕ್ಕದಲ್ಲಿ ಕೂತರು. ಅಶ್ವಥ್ ಅವಮಾನದಿಂದ ಫೋನು ಜೇಬಿಗಿಟ್ಟ; ಓಮ್ನಿ ಬರಲಿಲ್ಲ. ದೊಡ್ಡಮ್ಮ ಉಳಿದದ್ದು ಹೀಗೆ, ಒಂದು ತಮಾಷೆಯಿಂದ.

ಆದರೆ ಸಿಸ್ಟರ್ ಮರಿಯಪ್ಪನ ಬಳಿಯಿಂದ ಏಳಲಿಲ್ಲ. ನಗು ಒಂದೊಂದೇ ಹಾಸಿಗೆಯಲ್ಲಿ ಆರಿತು. ಅವರ ಕತ್ತು ಇನ್ನಷ್ಟು ವಾಲಿತು, ಇಲ್ಲಿಲ್ಲದ ಏನನ್ನೋ ಆಲಿಸುವವರಂತೆ. ಮರಿಯಪ್ಪನ ಮುಖದಲ್ಲಿ ನಗುವಿನ ಆಕಾರ ಮಾತ್ರ ಉಳಿದಿತ್ತು. "ಯಾಕಮ್ಮ?" ಎಂದ. ಅವರು ಇಸಿಜಿ ಮಾಡಿಸಿದರು, ಕಾಲು ಒತ್ತಿ ನೋಡಿದರು, ಎದೆಗೆ ಸ್ಟೆತಾಸ್ಕೋಪು ಇಟ್ಟು ಮತ್ತೆ ಮತ್ತೆ ಕೇಳಿದರು. ಎಲ್ಲವೂ ಸರಿಯಾಗಿತ್ತು. "ಇವತ್ತೊಂದಿನ ಇದ್ದು ಹೋಗು" ಎಂದಷ್ಟೇ ಹೇಳಿದರು.

ಮರುದಿನ ಮಧ್ಯಾಹ್ನ, ಊಟದ ತಟ್ಟೆಯತ್ತ ಕೈಚಾಚಿದ ಮರಿಯಪ್ಪ ಹಾಗೆಯೇ ಒರಗಿ ಜೀವ ಬಿಟ್ಟ. ಅದೇ ಹೊತ್ತಿಗೆ ಜ್ವರ ಇಳಿದ ದೊಡ್ಡಮ್ಮ ಮುದ್ದೆ ಕೇಳುತ್ತಿದ್ದಳು. ಸಿಸ್ಟರ್ ಇಬ್ಬರ ಪಕ್ಕದಲ್ಲೂ ಕೂತಿದ್ದರು. ಊರು ನೆನಪಿಟ್ಟುಕೊಂಡದ್ದು ಒಬ್ಬನನ್ನು.

ಡಿಸ್ಚಾರ್ಜಿನ ದಿನ ಕಾರಿಡಾರಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ: ಮೊದಲೇ ಗೊತ್ತಿತ್ತೇ?

"ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಶ್ವಾಸಕೋಶಕ್ಕೆ ಹೋಗಿರಬೇಕು. ಗೊತ್ತಿದ್ದಿದ್ದರೆ ಔಷಧಿ ಕೊಡುತ್ತಿದ್ದೆ, ಸುಮ್ಮನೆ ಕೂರುತ್ತಿರಲಿಲ್ಲ."

"ಮತ್ತೆ ಯಾಕೆ ಏಳಲಿಲ್ಲ?"

"ನಾನು ಪಕ್ಕ ಕೂತ ಮೇಲೂ ನಡ್ಕೊಂಡು ಮನೆಗೆ ಹೋದವರನ್ನ ಯಾರೂ ಎಣಿಸಿಲ್ಲ. ಅದನ್ನ ದಿನಾ ನನಗೆ ನಾನೇ ಹೇಳ್ಕೋತೀನಿ. ಆದರೂ ಅವತ್ತು ಏಳೋಕೆ ಆಗಲಿಲ್ಲ. ಯಾಕೆ ಅಂತ ದೇವರನ್ನೂ ಕೇಳಿಲ್ಲ. ಉತ್ತರ ಬಂದರೆ ಅದನ್ನ ಪರೀಕ್ಷೆ ಮಾಡೋ ದಾರಿ ನನಗೆ ಗೊತ್ತಿಲ್ಲ."

ಆಮೇಲೆ ಅವರು ತಮಗೆ ತಾವೇ ಒಂದು ನಿಯಮ ಹಾಕಿಕೊಂಡರು. ನೆಗಡಿಯವನ ಬಳಿಯೂ, ಬಾಣಂತಿಯ ಬಳಿಯೂ, ಪ್ರತಿ ಹಾಸಿಗೆಯ ಬಳಿಯೂ ಸಾಲಾಗಿ ಕೂತರು, ಕೂರುವುದಕ್ಕೆ ಅರ್ಥವೇ ಉಳಿಯದಂತೆ. ಜನ ಅದನ್ನೂ ಬೇಗ ಅರಿತರು. ಕೂತರೇ ಎಂಬುದನ್ನು ಬಿಟ್ಟು ಎಷ್ಟು ಹೊತ್ತು ಕೂತರು ಎಂದು ನೋಡತೊಡಗಿದರು. ಆಗ ಸಿಸ್ಟರ್ ಗೋಡೆಯ ಗಡಿಯಾರ ನೋಡಿ, ಎಲ್ಲರ ಬಳಿಯೂ ಅಷ್ಟಷ್ಟೇ ಹೊತ್ತು ಕೂತು ಏಳಲು ಕಲಿತರು. ಅವರು ಹೀಗೆ ಏಳುವುದನ್ನು ನಾನು ಒಮ್ಮೆ ಕಂಡಿದ್ದೇನೆ. ಮುದುಕನೊಬ್ಬನ ಬೆರಳುಗಳು ಅವರ ಸ್ವೆಟರಿನ ಅಂಚನ್ನು ಹಿಡಿದಿದ್ದವು. ಅವರು ಅವನ್ನು ಒಂದೊಂದಾಗಿ ಬಿಡಿಸಿ, ಮುಂದಿನ ಹಾಸಿಗೆಗೆ ನಡೆದರು.

ತಿಳಿಯದ್ದಕ್ಕೆ ಪವಾಡವೆಂದೋ ಶಾಪವೆಂದೋ ಹೆಸರಿಟ್ಟು ಹಗುರಾಗುವುದು ನಮ್ಮಂಥವರ ಅಭ್ಯಾಸ. ಕೆಲವರು ಮಾತ್ರ ಅದನ್ನು ತಿಳಿಯದ್ದಾಗಿಯೇ ಉಳಿಸಿಕೊಂಡು, ಅದರ ಜೊತೆಯಲ್ಲೇ ಮರುದಿನದ ಕೆಲಸಕ್ಕೆ ಹೋಗುತ್ತಾರೆ. ನಂಬಿಕೆಯೂ ಸಂಶಯವೂ ಅವರಲ್ಲಿ ಜಗಳವಾಡುವುದಿಲ್ಲ, ಎರಡೂ ಸೇರಿ ಅವರಿಂದಲೇ ಬೆಲೆ ವಸೂಲು ಮಾಡುತ್ತವೆ.

ಆ ಆಸ್ಪತ್ರೆಯಿಂದ ಈಗ ಯಾರೂ ರೋಗಿಗಳನ್ನು ಅರ್ಧದಲ್ಲಿ ಎಬ್ಬಿಸಿಕೊಂಡು ಹೋಗುವುದಿಲ್ಲ. ಸಾಯುತ್ತಿರುವವರ ಬಳಿ ಸಿಸ್ಟರ್ ಕ್ಲೆಮೆನ್ಸಿಯಾ ಉಳಿದವರ ಬಳಿಗಿಂತ ಹೆಚ್ಚು ಹೊತ್ತು ಇರುವುದಿಲ್ಲ.